ಕಂಬಳಿ ಹೊದ್ದ ಮೋಟಾರ್ ಸೈಕಲ್ಲು

ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಬಾಯಿಬಿಟ್ಟು ಹೇಳುವವರ ಗಾಡಿಗಳು ಬೆಳಿಗ್ಗೆ ಸರಿಯಾಗಿ ಸ್ಟಾರ್ಟ್ ಆಗುತ್ತವೆ ಎಂಬುದು ನನ್ನ ಬಹುದಿನದ ಅಭಿಪ್ರಾಯ. ನಮ್ಮ ಬೀದಿಯ ಗುಮಾಸ್ತರು ಆ ಗುಂಪಿಗೆ ಸೇರಿದವರಲ್ಲ. ನೀರು ಸರಬರಾಜು ಕಚೇರಿಯಲ್ಲಿ ದೂರು ತೆಗೆದುಕೊಳ್ಳುವ ಮೇಜು ಅವರದು. ನಲ್ಲಿಯಲ್ಲಿ ನೀರೇಕೆ ಬರುತ್ತಿಲ್ಲ ಎಂದು ಜನ ಬಂದು ಕೇಳುತ್ತಲೇ ಇರುತ್ತಾರೆ. ಒಬ್ಬರಿಗಾದರೂ ಅವರು ಗೊತ್ತಿಲ್ಲ ಎಂದದ್ದಿಲ್ಲ. ಅವರಲ್ಲಿ ಒಬ್ಬರಿಗಾದರೂ ನೀರು ಬಂದದ್ದೂ ಇಲ್ಲ, ಆ ಮಾತು ಬೇರೆ.

ಇಂಥ ಗುಮಾಸ್ತರಿಗೆ ಅವರ ಅಣ್ಣ ತಾವು ಓಡಿಸುತ್ತಿದ್ದ ಹಳೆಯ ಮೋಟಾರ್ ಸೈಕಲ್ಲನ್ನು ಕೊಟ್ಟರು. ಅಣ್ಣ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದು ನಿವೃತ್ತರಾದವರು. ಹೆಂಡತಿ ತೀರಿಹೋಗಿ ವರ್ಷವಾಗಿತ್ತು, ಮಕ್ಕಳಿರಲಿಲ್ಲ, ಮಂಡಿ ಕೈಕೊಟ್ಟಿತ್ತು. ಕಿಕ್ಕರ್ ಒದೆಯಲು ಕಾಲಿಲ್ಲದವನಿಗೆ ಗಾಡಿ ಏಕೆ ಎಂದು ತಾವೇ ಲಾರಿಯಲ್ಲಿ ಹಾಕಿಸಿಕೊಂಡು ಬಂದು ತಮ್ಮನ ಅಂಗಳದಲ್ಲಿ ಇಳಿಸಿದರು. ಸೀಟನ್ನು ಅಂಗೈಯಿಂದ ಒರೆಸಿ, ಇದು ತಣ್ಣಗಿದ್ದಾಗ ಸ್ವಲ್ಪ ಹಟ ಮಾಡುತ್ತದೆ, ಅದಕ್ಕೊಂದು ಉಪಾಯವಿದೆ ಎಂದು ಹೇಳಲು ಶುರುಮಾಡಿದರು. ಗುಮಾಸ್ತರು ಅರ್ಧದಲ್ಲೇ ಕೈ ಎತ್ತಿ, "ಗೊತ್ತಣ್ಣ" ಎಂದುಬಿಟ್ಟರು. ಅಣ್ಣ ತೆರೆದ ಬಾಯನ್ನು ಮುಚ್ಚಿಕೊಂಡರು. ಹೊರಡುವಾಗ, ಏನಾದರೂ ತೊಂದರೆ ಬಂದರೆ ಫೋನ್ ಮಾಡು, ಬಂದು ನೋಡುತ್ತೇನೆ ಎಂದು ಹೇಳಿ ಹೋದರು.

ತೊಂದರೆ ಮಾರನೆಯ ಬೆಳಿಗ್ಗೆಯೇ ಬಂತು. ಗುಮಾಸ್ತರು ಇಸ್ತ್ರಿ ಮಾಡಿದ ಶರ್ಟು ತೊಟ್ಟು, ತಲೆ ಬಾಚಿ, ಕಿಕ್ಕರ್ ಒದ್ದರು. ಗಾಡಿ ಒಮ್ಮೆ ಕೆಮ್ಮಿ ಸುಮ್ಮನಾಯಿತು. ಮತ್ತೆ ಒದ್ದರು, ಅಷ್ಟೂ ಕೆಮ್ಮಲಿಲ್ಲ. ಬಾಚಿದ ತಲೆ ಕೆದರಿತು, ಇಸ್ತ್ರಿ ಬೆವರಿನಲ್ಲಿ ಕರಗಿತು, ಬೀದಿಯ ಬಾಗಿಲುಗಳು ಒಂದೊಂದಾಗಿ ತೆರೆದವು. ಬೆಳಗಿನ ಚಹಾ ಕುಡಿಯುತ್ತ ನೋಡುವುದಕ್ಕೆ ಇಷ್ಟು ಒಳ್ಳೆಯ ನೋಟ ನಮ್ಮ ಬೀದಿಗೆ ಅದುವರೆಗೆ ಸಿಕ್ಕಿರಲಿಲ್ಲ.

ಎದುರುಮನೆಯ ನಿವೃತ್ತ ಹೆಡ್‌ಮಾಸ್ತರು ಮೊದಲು ಬಂದರು. ಗಾಡಿಯನ್ನು ಎಡಕ್ಕೆ ಮಲಗಿಸಿ ಎತ್ತಬೇಕೆಂದು ಅವರ ಮತ. ಪಕ್ಕದ ಟೈಲರ್ ಕೊರಳಿನಲ್ಲಿ ಅಳತೆ ಟೇಪು ಹಾಕಿಕೊಂಡೇ ಬಂದು, ಮಲಗಿಸುವುದಾದರೆ ಬಲಕ್ಕೆ ಎಂದ. ಎಡಕ್ಕೆ ಮಲಗಿಸಿದರು, ಬಲಕ್ಕೆ ಮಲಗಿಸಿದರು. ಪೆಟ್ರೋಲು ಎರಡೂ ಕಡೆ ಚೆಲ್ಲಿತು. ಚೋಕ್ ಎಳೆಯಬೇಕು ಎಂದು ಒಬ್ಬರು, ಎಳೆದದ್ದೇ ತಪ್ಪು ಎಂದು ಇನ್ನೊಬ್ಬರು. ಪ್ಲಗ್ ಬಿಚ್ಚಿ ಉಜ್ಜಿ ಹಾಕಿದ್ದಾಯಿತು, ಅದಕ್ಕೂ ಜಗ್ಗಲಿಲ್ಲ. ಕೊನೆಗೆ ನಾಲ್ಕು ಜನ ಸೇರಿ ಇಳಿಜಾರಿನ ತನಕ ತಳ್ಳಿದ ಮೇಲೆ ಅದು ಬುಸುಗುಟ್ಟಿ ಹೊಗೆಯುಗುಳಿ ಎದ್ದಿತು. ಗುಮಾಸ್ತರು ತಿರುಗಿ ಕೂಡ ನೋಡದೆ, ಯುದ್ಧಕ್ಕೆ ಹೊರಟವರ ಗತ್ತಿನಲ್ಲಿ ಆಫೀಸಿಗೆ ಹೋದರು. ಅಂದಿನಿಂದ ದಿನವೂ ಇದೇ ಕಥೆ.

ಭಾನುವಾರ ಅಣ್ಣನ ಫೋನು ಬಂತು. ಅಣ್ಣನಿಗೆ ಮಾತು ಕಡಿಮೆ. ಊಟ ಆಯಿತಾ, ಎಲ್ಲ ಆರೋಗ್ಯವೇ ಎಂದು ಕೇಳಿಯಾದ ಮೇಲೆ ಅವರ ಬಳಿ ಉಳಿಯುತ್ತಿದ್ದ ಪ್ರಶ್ನೆ ಒಂದೇ.

"ಗಾಡಿ ಹೇಗಿದೆಯೋ? ಬೆಳಿಗ್ಗೆ ಏನಾದ್ರೂ ತೊಂದ್ರೆ ಕೊಡತ್ತಾ?"

"ಏನೂ ಇಲ್ಲಣ್ಣ. ಒಂದೇ ಕಿಕ್ಕು."

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, ಒಳ್ಳೆಯದಾಯಿತು ಬಿಡು ಎಂದು ಫೋನು ಇಟ್ಟರು. ನಮ್ಮ ಬೀದಿಯಲ್ಲಿ ಗೋಡೆಗಳಿರುವುದು ಕ್ಯಾಲೆಂಡರ್ ತೂಗುಹಾಕಲು ಮಾತ್ರ, ಮಾತು ತಡೆಯಲು ಅಲ್ಲ. ಸೋಮವಾರ ಗಾಡಿ ತಳ್ಳುವಾಗ ಟೈಲರ್ ಬಹಳ ವಿನಯದಿಂದ, ಒಂದೇಕಿಕ್ಕಿನವರೇ, ಇನ್ನೂ ಸ್ವಲ್ಪ ಮುಂದೆ ತಳ್ಳಬೇಕೇ ಎಂದು ಕೇಳಿದ. ಆ ಹೆಸರು ನಿಂತುಬಿಟ್ಟಿತು.

ಹೀಗೆ ಭಾನುವಾರಗಳು ಕಳೆದವು. ಅಣ್ಣ ಕೇಳುವುದು, ತಮ್ಮ ಒಂದೇ ಕಿಕ್ಕು ಎನ್ನುವುದು, ಆ ಕಡೆ ಮೌನ. ಗುಮಾಸ್ತರಿಗೆ ಆ ಮೌನ ಮೆಚ್ಚುಗೆಯಂತೆ ಕೇಳಿಸುತ್ತಿತ್ತು. ಅವರ ಹೆಂಡತಿಗೆ ಹಾಗೆ ಕೇಳಿಸಲಿಲ್ಲ. ಆಕೆ ತರಕಾರಿ ಹೆಚ್ಚುತ್ತ ಕಿವಿಗೊಟ್ಟು ಕೂತಿರುತ್ತಿದ್ದರು, ಫೋನು ಇಟ್ಟಾಗಲೆಲ್ಲ ಚಾಕುವಿನ ಸದ್ದು ಒಂದಿಷ್ಟು ಜೋರಾಗುತ್ತಿತ್ತು.

ಒಂದು ಭಾನುವಾರ ಅಣ್ಣ ಹೊಸ ವಿಷಯ ಹೇಳಿದರು. ಬಹಳ ದೂರದ ಬಂದರಿನ ಊರಿನಲ್ಲಿ ಕಾರ್ಖಾನೆಯ ಹಳೆಯ ಮಾಲೀಕರ ಗೋದಾಮು ಇದೆಯಂತೆ. ಅಲ್ಲಿನ ಯಂತ್ರಗಳನ್ನು ನೋಡಿಕೊಂಡು ಅಲ್ಲೇ ಒಂದು ಕೋಣೆಯಲ್ಲಿ ಇರಲು ಕರೆದಿದ್ದಾರಂತೆ. ಹೋದರೆ ಇತ್ತ ಕಡೆ ಬರುವುದು ಇನ್ನು ಕಷ್ಟವೇ. ಇನ್ನೂ ಒಪ್ಪಿಲ್ಲ. ಒಪ್ಪುವ ಮುಂಚೆ ಮುಂದಿನ ಭಾನುವಾರ ಬಂದು ಗಾಡಿಯನ್ನು ಒಮ್ಮೆ ನೋಡಿಕೊಂಡು ಹೋಗುತ್ತೇನೆ ಎಂದರು.

ಗುಮಾಸ್ತರ ಮುಖ ಇಳಿಯಿತು. ಗಾಡಿ ನೋಡಿದರೆ ಗುಟ್ಟು ರಟ್ಟಾಗುತ್ತದಲ್ಲ ಎಂಬುದೊಂದೇ ಅವರ ಚಿಂತೆ. ಹೆಂಡತಿ ಚಾಕು ಕೆಳಗಿಟ್ಟು ಎದುರಿಗೆ ಬಂದು ಕೂತರು.

"ರೀ, ಭಾವ ಬರ್ತಿರೋದು ಗಾಡಿ ನೋಡೋಕಲ್ಲ. ಈ ಮನೇಲಿ ತಮ್ಮಿಂದ ಆಗೋ ಕೆಲಸ ಏನಾದ್ರೂ ಇದೆಯಾ ಅಂತ ನೋಡೋಕೆ. ಬಂದು ನಮ್ಮ ಜೊತೆ ಇರಿ ಅಂದ್ರೆ ಬರೋ ಜನ ಅಲ್ಲ ಅವರು, ಹೊರೆ ಆಗ್ತೀನಿ ಅಂತಾರೆ. ಗಾಡಿ ಕೆಟ್ಟಿದೆ, ನೀನೇ ಬೇಕು ಅಂದ್ಬಿಡಿ. ಇದ್ದುಬಿಡ್ತಾರೆ."

ಇದಕ್ಕಿಂತ ಬಿಡಿಸಿ ಹೇಳುವುದು ಯಾರಿಂದಲೂ ಸಾಧ್ಯವಿರಲಿಲ್ಲ. ಗುಮಾಸ್ತರು ತಲೆಯಾಡಿಸಿದರು. ಅಣ್ಣ ಬಂದಿರಲಿ ಎಂಬ ಆಸೆ ಅವರಿಗೂ ಇತ್ತು, ನಿಜವಾಗಿಯೂ ಇತ್ತು. ಚಿಕ್ಕಂದಿನಲ್ಲಿ ಅಪ್ಪನ ಏಟಿನಿಂದ ತಪ್ಪಿಸುತ್ತಿದ್ದ ಬೆನ್ನು ಆ ಅಣ್ಣನದೇ. ಆದರೆ ಇಷ್ಟು ಭಾನುವಾರ ಒಂದೇ ಕಿಕ್ಕು ಎಂದ ಬಾಯಿ ಈಗ ಇಲ್ಲವೆನ್ನುವುದು ಹೇಗೆ? ಮಾನ ಬಿಸಿ ತುಪ್ಪವಾಗಿ ಗಂಟಲಲ್ಲಿ ಕೂತಿತು, ಉಗುಳಲೂ ಆಗದು, ನುಂಗಲೂ ಆಗದು. ಅವರು ಒಂದು ನಡುದಾರಿ ಕಂಡುಕೊಂಡರು. ಮೊದಲು ಅಣ್ಣನ ಎದುರಿಗೆ ಒಂದೇ ಕಿಕ್ಕಿಗೆ ಸ್ಟಾರ್ಟ್ ಮಾಡಿ ತೋರಿಸುವುದು, ಆಮೇಲೆ ಇಲ್ಲೇ ಇರಣ್ಣ ಎನ್ನುವುದು. ನಡುದಾರಿಯಲ್ಲಿ ನಿಂತವನಿಗೇ ಎರಡೂ ಕಡೆಯ ಗಾಡಿ ಬಡಿಯುವುದು ಎಂದು ಅವರಿಗೆ ಯಾರೂ ಹೇಳಿರಲಿಲ್ಲ.

ಗಾಡಿಯ ಒಂದು ಗುಣವನ್ನು ಅವರು ಗಮನಿಸಿದ್ದರು. ಬೆಳಿಗ್ಗೆ ರಂಪ ಮಾಡುವ ಅದೇ ಗಾಡಿ, ಸ್ವಲ್ಪ ಓಡಿ ಬಿಸಿಯಾದ ಮೇಲೆ ಮುಟ್ಟಿದರೆ ಸಾಕು, ಹಾಡುತ್ತಿತ್ತು. ಹಾಗಾದರೆ ಭಾನುವಾರದ ತನಕ ಗಾಡಿಯನ್ನು ತಣ್ಣಗಾಗಲು ಬಿಡದಿದ್ದರಾಯಿತು. ಇಷ್ಟು ಯೋಚನೆ ಹೊಳೆದದ್ದೇ ಗುಮಾಸ್ತರಿಗೆ ತಾವು ಹುಟ್ಟಾ ಎಂಜಿನಿಯರ್ ಎಂಬ ನಂಬಿಕೆ ಬಂತು.

ಹೆಂಡತಿ ಭಾವನಿಗೆಂದು ಮುಂದಿನ ಕೋಣೆಯನ್ನು ಖಾಲಿ ಮಾಡಿಸಿ, ಸುಣ್ಣ ಹೊಡೆಸಿ, ಮಂಚ ಹಾಕಿಸಿದ್ದರು. ಗುಮಾಸ್ತರು ಆಫೀಸಿಗೆ ರಜೆ ಹಾಕಿ, ಆ ಮಂಚವನ್ನು ಗೋಡೆಗೆ ನಿಲ್ಲಿಸಿ ಗಾಡಿಯನ್ನು ಒಳಗೆ ತಂದರು. ಅದರ ಮೇಲೆ ದಪ್ಪ ಕಂಬಳಿ ಹೊದಿಸಿ, ಕಂಬಳಿಯೊಳಗೆ ಇಂಜಿನ್‌ಗೆ ಆತುಕೊಂಡಂತೆ ಬಿಸಿನೀರಿನ ಚೀಲ ಇಟ್ಟರು. ಹೆಂಡತಿ ಬಾಗಿಲಲ್ಲಿ ನಿಂತು ಇದನ್ನೆಲ್ಲ ನೋಡಿದರು. ಅನ್ನಬೇಕಾದ್ದನ್ನು ಅಂದಾಗಿತ್ತು.

ಗುರುವಾರ ಬೆಳಿಗ್ಗೆ ಟೈಲರ್ ಹಲ್ಲುಜ್ಜುತ್ತ ಕಿಟಕಿಯ ಪಕ್ಕ ಹಾದುಹೋದ. ಮುಂದಿನ ಕೋಣೆಯಲ್ಲಿ ಯಾರೋ ತಲೆಯ ತನಕ ಕಂಬಳಿ ಹೊದ್ದಿದ್ದಾರೆ, ಗುಮಾಸ್ತರು ಬಗ್ಗಿ ಕಂಬಳಿಯೊಳಗೆ ಕೈ ತೂರಿಸಿ ಬಿಸಿ ಇದೆಯೇ ಎಂದು ನೋಡಿ, ಚೀಲ ಬದಲಾಯಿಸುತ್ತಿದ್ದಾರೆ. ಮುಖದಲ್ಲಿ ಗಾಬರಿ. ಟೈಲರ್ ಬಾಯಿ ಮುಕ್ಕಳಿಸುವುದನ್ನೂ ಮರೆತು ಹೆಡ್‌ಮಾಸ್ತರ ಮನೆಗೆ ಓಡಿದ. ಗುಮಾಸ್ತರ ಹೆಂಡತಿ ಆ ದಿನ ಸಿಟ್ಟಿಗೆ ಹೊರಗೇ ಬಂದಿರಲಿಲ್ಲವಾದ್ದರಿಂದ, ಕಾಯಿಲೆ ಯಾರಿಗೆ ಎಂಬುದರಲ್ಲಿ ಅನುಮಾನವೇ ಉಳಿಯಲಿಲ್ಲ.

ಮಧ್ಯಾಹ್ನದೊಳಗೆ ಬೀದಿಯೆಲ್ಲ ಪಿಸುಗುಟ್ಟಿತು. ಬ್ರೆಡ್ಡು ಬಂತು, ಕಿತ್ತಳೆ ಬಂತು, ಹೆಡ್‌ಮಾಸ್ತರ ಮನೆಯಿಂದ ಗಂಜಿ ಬಂತು. ಗುಮಾಸ್ತರು ಬಾಗಿಲನ್ನು ಅರ್ಧ ತೆರೆದು ಎಲ್ಲವನ್ನೂ ತೆಗೆದುಕೊಂಡರು. ಈಗ ಹೇಗಿದೆ ಎಂದು ಕೇಳಿದವರಿಗೆಲ್ಲ, ಪರವಾಗಿಲ್ಲ, ಭಾನುವಾರದ ಹೊತ್ತಿಗೆ ಸರಿಹೋಗುತ್ತದೆ ಎಂದರು. ಒಳಗೆ ಬಂದು ನೋಡುತ್ತೇವೆ ಎಂದವರಿಗೆ, ಈಗ ಬೇಡ, ಗಾಳಿ ತಾಗಬಾರದು ಎಂದರು. ಅಷ್ಟು ಸಾಕಾಯಿತು. ಇದು ಅಂಟುವ ಕಾಯಿಲೆ, ಗುಮಾಸ್ತರು ಮುಚ್ಚಿಡುತ್ತಿದ್ದಾರೆ ಎಂದು ಹೆಡ್‌ಮಾಸ್ತರು ತೀರ್ಮಾನಿಸಿದರು. ಅವರು ತೀರ್ಮಾನಿಸಿದ ಮೇಲೆ ಅರ್ಜಿ ಹೋಗದೆ ಇರುವುದುಂಟೇ?

ಶನಿವಾರ ಸಂಜೆ ಆರೋಗ್ಯ ಇಲಾಖೆಯ ಇನ್‌ಸ್ಪೆಕ್ಟರು ಮೂಗಿಗೆ ಕರವಸ್ತ್ರ ಕಟ್ಟಿಕೊಂಡು, ಚೀಲ ಹಿಡಿದು, ಬಾಗಿಲು ತಟ್ಟಿದರು. ಅವರ ಹಿಂದೆ ಬೀದಿಯೇ ನಿಂತಿತ್ತು, ಸ್ವಲ್ಪ ದೂರದಲ್ಲಿ. ಗುಮಾಸ್ತರು ತಡವರಿಸಿದರು, ರೋಗಿಗೆ ಈಗಷ್ಟೇ ನಿದ್ದೆ ಹತ್ತಿದೆ ಎಂದರು. ಇನ್‌ಸ್ಪೆಕ್ಟರು ಸರ್ಕಾರಿ ಧ್ವನಿಯಲ್ಲಿ, ಎಬ್ಬಿಸುವ ಅಧಿಕಾರ ತಮಗಿದೆ ಎಂದು ತಿಳಿಸಿ ಒಳಗೆ ನುಗ್ಗಿ, ಎರಡು ಬೆರಳಿನಲ್ಲಿ ಕಂಬಳಿಯ ತುದಿ ಎತ್ತಿದರು. ಹೆಡ್‌ಲೈಟು ಅವರನ್ನೇ ನೋಡಿತು.

ಇನ್‌ಸ್ಪೆಕ್ಟರು ಕಂಬಳಿಯ ತುದಿಯನ್ನು ಮೆಲ್ಲನೆ ಕೆಳಗೆ ಬಿಟ್ಟರು. ಆಮೇಲೆ ಕರವಸ್ತ್ರ ಬಿಚ್ಚಿ ಮಡಚಿ ಜೇಬಿಗೆ ಹಾಕಿಕೊಂಡು, ಇದು ಎಷ್ಟು ದಿನದಿಂದ ಹೀಗಿದೆ ಎಂದು ಕೇಳಿದರು. ಅಡುಗೆಮನೆಯ ಬಾಗಿಲಲ್ಲಿ ಗುಮಾಸ್ತರ ಹೆಂಡತಿ ಆರೋಗ್ಯವಾಗಿ ನಿಂತು, ಕಿತ್ತಳೆ ಹಣ್ಣು ಸುಲಿದು ತಿನ್ನುತ್ತಿದ್ದರು.

ಈಗಲಾದರೂ ಗುಮಾಸ್ತರ ಮಾನ ಹೋಗಬೇಕಿತ್ತು. ಹೋಗಿದ್ದರೆ ಚೆನ್ನಾಗಿತ್ತು ಎಂದು ನಾನು ಇಂದಿಗೂ ಅಂದುಕೊಳ್ಳುತ್ತೇನೆ. ನಕ್ಕು ಚದುರಬೇಕಾದ ಬೀದಿ ಚದುರಲಿಲ್ಲ. ನಾಳೆ ಅಣ್ಣ ಬರುತ್ತಾರೆ, ಒಂದೇ ಕಿಕ್ಕಿಗೆ ಸ್ಟಾರ್ಟ್ ಆಗಬೇಕು ಎಂದು ಗುಮಾಸ್ತರು ಅಳುಮುಖ ಮಾಡಿ ಹೇಳಿದ್ದೇ ತಡ, ಅದು ಇಡೀ ಬೀದಿಯ ಮರ್ಯಾದೆಯ ಪ್ರಶ್ನೆಯಾಯಿತು. ಆಳಿಗೊಂದು ಸಲಹೆ ಬಂತು. ಚೀಲದ ಬಿಸಿ ಸಾಲದು ಎಂದ ಟೈಲರ್ ತನ್ನ ಇಸ್ತ್ರಿಪೆಟ್ಟಿಗೆ ತಂದ. ಒದೆಯುವ ಕಾಲಿನ ಕೋನದ ಬಗ್ಗೆ ಹೆಡ್‌ಮಾಸ್ತರು ಪಾಠ ಮಾಡಿದರು. ಇನ್‌ಸ್ಪೆಕ್ಟರು ತಮ್ಮ ಜ್ವರದ ಕಡ್ಡಿಯನ್ನು ಇಂಜಿನ್ನಿನ ಸಂದಿಗೆ ಸಿಕ್ಕಿಸಿ, ಗಂಭೀರವಾಗಿ ಗಡಿಯಾರ ನೋಡುತ್ತ ನಿಂತರು. ಗುಮಾಸ್ತರ ಹೆಂಡತಿಯೊಬ್ಬರೇ, ಇಷ್ಟು ಜನ ಸೇರಿ ಒಬ್ಬ ಮನುಷ್ಯನನ್ನ ವಾಪಸ್ ಕಳಿಸೋಕೆ ಕಷ್ಟಪಡ್ತಿದೀರಲ್ಲ ಎಂದರು. ಆ ಗದ್ದಲದಲ್ಲಿ ಅದನ್ನು ಕೇಳಿಸಿಕೊಂಡವರು ಯಾರು?

ಭಾನುವಾರ ಬೆಳಿಗ್ಗೆ ಅಣ್ಣ ಬಂದರು. ಒಂದು ಕೈಯಲ್ಲಿ ಬಟ್ಟೆಯ ಚೀಲ, ಇನ್ನೊಂದು ಕೈಯಲ್ಲಿ ಭಾರವಾದ ಕ್ಯಾನ್ವಾಸ್ ಚೀಲ, ಹೆಜ್ಜೆಗೊಮ್ಮೆ ಕಬ್ಬಿಣದ ಸದ್ದು. ಕುಂಟುತ್ತ ಬಂದರೂ ಮುಖದಲ್ಲಿ ಹಬ್ಬದ ಕಳೆ ಇತ್ತು. ಗಾಡಿ ಅಷ್ಟು ಹೊತ್ತಿಗೆ ಅಂಗಳಕ್ಕೆ ಬಂದು, ತನಗೇನೂ ಗೊತ್ತಿಲ್ಲವೆಂಬಂತೆ ನಿಂತಿತ್ತು. ಟೈಲರ್ ಇಸ್ತ್ರಿಪೆಟ್ಟಿಗೆಯನ್ನು ಬೆನ್ನ ಹಿಂದೆ ಮುಚ್ಚಿಟ್ಟುಕೊಂಡು, ಅಂಗಿಯ ಬೆನ್ನು ಸುಡುತ್ತಿದ್ದರೂ ನಗುತ್ತ ಗೇಟಿನ ಬಳಿ ನಿಂತಿದ್ದ.

ಅಣ್ಣ ಚೀಲ ಇಳಿಸಿದರು. ಗುಮಾಸ್ತರು ಕಿಕ್ಕರಿನ ಮೇಲೆ ಕಾಲಿಟ್ಟು ಒಮ್ಮೆ ಒದ್ದರು. ಗಾಡಿ ಗುಡುಗಿತು. ಬೀದಿ ಚಪ್ಪಾಳೆ ತಟ್ಟಿತು, ರಜೆಯ ದಿನವೂ ಬಂದಿದ್ದ ಇನ್‌ಸ್ಪೆಕ್ಟರು ಕೂಡ. ಅಣ್ಣ ಬಾಗಿ ಇಂಜಿನ್ನಿನ ಸದ್ದಿಗೆ ಕಿವಿಗೊಟ್ಟರು. ಮೆಲ್ಲನೆ ನೆಟ್ಟಗಾದರು. ಅವರ ಮುಖದ ಕಳೆ ಸದ್ದಿಲ್ಲದೆ ಇಳಿದುಹೋಯಿತು.

"ನನ್ನ ಕೈಯಲ್ಲಿ ಒಂದು ದಿನಾನೂ ಹೀಗೆ ಎದ್ದಿರ್ಲಿಲ್ಲ ಕಣೋ. ನೀನು ನಿಜವಾಗ್ಲೂ ಕಲ್ತುಬಿಟ್ಟಿದೀಯ."

ಊಟಕ್ಕೆ ಕೂತಾಗ ಅವರು ತಾವೇ ಹೇಳಿದರು. ತಣ್ಣಗಿದ್ದಾಗ ಸ್ಟಾರ್ಟ್ ಆಗದಿದ್ದರೆ ಕಾರ್ಬೊರೇಟರ್ ಒಳಗಿನ ಸಣ್ಣ ತೂತು ಕಟ್ಟಿಕೊಂಡಿರುತ್ತದೆ. ಕೂದಲೆಳೆಯಂಥ ತಂತಿ ಹಾಕಿ ಬಿಡಿಸಬೇಕು. ಬಿಡಿಸಿದರೂ ಆ ಹಳೆಯ ಗಾಡಿಗೆ ಮತ್ತೆ ಮತ್ತೆ ಕಟ್ಟುತ್ತದೆ, ಒಬ್ಬರು ಪಕ್ಕದಲ್ಲಿದ್ದು ಆಗಾಗ ನೋಡುತ್ತಿರಬೇಕು. ಹೇಗೂ ತಮ್ಮ ಸುಮ್ಮನೆ ಒಂದೇ ಕಿಕ್ಕು ಎನ್ನುತ್ತಿದ್ದಾನೆ, ಬಾಯಿಬಿಟ್ಟು ಕೇಳಲು ಸಂಕೋಚ ಎಂದುಕೊಂಡು, ರಿಪೇರಿಯ ಸಾಮಾನೆಲ್ಲ ಹೊತ್ತು ತಂದಿದ್ದರು. ಸುಮ್ಮನೆ ಹೊತ್ತೆ ಎಂದು ನಕ್ಕರು.

ಗುಮಾಸ್ತರ ಹೆಂಡತಿ ಬಡಿಸುವ ಸೌಟು ಹಿಡಿದು ಗಂಡನನ್ನೇ ನೋಡುತ್ತ ನಿಂತರು. ಗುಮಾಸ್ತರ ಬಾಯಿ ತೆರೆಯಿತು. ಅಷ್ಟರಲ್ಲಿ ಕಿಟಕಿಯಲ್ಲಿ ಹೆಡ್‌ಮಾಸ್ತರ ತಲೆ ಕಾಣಿಸಿಕೊಂಡು, ನಿಮ್ಮ ತಮ್ಮನಂಥ ಮೆಕ್ಯಾನಿಕ್ಕು ಈ ಸುತ್ತಿನಲ್ಲೇ ಇಲ್ಲ ಎಂದು ಅಣ್ಣನಿಗೆ ಪ್ರಮಾಣ ಮಾಡಿ ಹೇಳಿತು. ತೆರೆದ ಬಾಯಿಗೆ ಗುಮಾಸ್ತರು ಒಂದು ತುತ್ತು ಅನ್ನ ಹಾಕಿಕೊಂಡರು. ಇಲ್ಲೇ ಇರಣ್ಣ ಎಂದು ಆಮೇಲೆ ಹೇಳಿದರು, ಎರಡು ಸಲ ಹೇಳಿದರು. ಅಣ್ಣ ತಲೆಯಾಡಿಸಿ, ಇದ್ದು ಏನು ಮಾಡಲಿ, ಎಲ್ಲ ಸರಿಯಾಗಿದೆಯಲ್ಲ ಎಂದರು. ಸಂಜೆಯ ಬಸ್ಸಿಗೆ ಹೊರಡುತ್ತೇನೆ, ಗೋದಾಮಿನವರಿಗೆ ನಾಳೆಯೇ ಒಪ್ಪಿಗೆ ಹೇಳಬೇಕು ಎಂದರು. ಮಂಡಿ ಮಡಚಿ ಗಾಡಿಯ ಹಿಂದೆ ಕೂರಲಾರರಾದ್ದರಿಂದ ಆಟೋ ಕರೆಸಿ, ಕ್ಯಾನ್ವಾಸ್ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಹೊರಟುಹೋದರು.

ಆಟೋ ತಿರುವಿನಲ್ಲಿ ಮರೆಯಾಯಿತು. ಹೆಂಡತಿ ಒಂದೇ ಮಾತು ಹೇಳಿದರು.

"ನಿಮ್ಮ ಕಾಲಿಗೆ ಬೀಳ್ತೀನಿ, ಹೋಗಿ ನಿಜ ಹೇಳಿ."

ಗುಮಾಸ್ತರ ಎದೆಯಲ್ಲಿ ಆಗ ಏನೋ ಕಳಚಿ ಬಿತ್ತು. ಅವರು ಚಪ್ಪಲಿಯನ್ನೂ ಮೆಟ್ಟದೆ ಅಂಗಳಕ್ಕೆ ಓಡಿದರು. ಗಾಡಿ ಮಧ್ಯಾಹ್ನವೆಲ್ಲ ಬಿಸಿಲಿನಲ್ಲಿ ಕಾದು ನಿಂತಿತ್ತು. ಇಸ್ತ್ರಿಪೆಟ್ಟಿಗೆ ಇಲ್ಲ, ಚೀಲ ಇಲ್ಲ, ಒಂದೇ ಒದೆತಕ್ಕೆ ಎದ್ದಿತು. ಗುಮಾಸ್ತರು ಅದನ್ನು ಶಪಿಸುತ್ತಲೇ ಬಸ್ ನಿಲ್ದಾಣಕ್ಕೆ ಓಡಿಸಿದರು.

ಅಣ್ಣ ಬಸ್ಸಿನ ಪಕ್ಕದ ಬೆಂಚಿನಲ್ಲಿ ಕೂತಿದ್ದರು. ಗುಮಾಸ್ತರು ಗಾಡಿಯನ್ನು ಅವರ ಮುಂದೆಯೇ ನಿಲ್ಲಿಸಿ, ಆಫ್ ಮಾಡಿ, ಏದುಸಿರು ಬಿಡುತ್ತ ಹೇಳಿದರು.

"ಅಣ್ಣ, ಈ ಗಾಡಿ ಸ್ಟಾರ್ಟೇ ಆಗಲ್ಲ. ಯಾವತ್ತೂ ಆಗಿಲ್ಲ. ನೀನು ಇಲ್ಲೇ ಇರ್ಬೇಕು."

"ಅದ್ರಲ್ಲೇ ಬಂದ್ಯಲ್ಲೋ."

ಗುಮಾಸ್ತರು ಎಲ್ಲವನ್ನೂ ಹೇಳಿದರು. ದಿನವೂ ತಳ್ಳುವುದು, ಕಂಬಳಿ, ಬಿಸಿನೀರಿನ ಚೀಲ, ಇನ್‌ಸ್ಪೆಕ್ಟರ ಜ್ವರದ ಕಡ್ಡಿ, ಟೈಲರನ ಇಸ್ತ್ರಿಪೆಟ್ಟಿಗೆ, ಒಂದನ್ನೂ ಬಿಡಲಿಲ್ಲ. ಅವರ ಆಯುಷ್ಯದಲ್ಲೇ ಅಷ್ಟು ನಿಜವನ್ನು ಒಟ್ಟಿಗೆ ಹೇಳಿದ್ದು ಅದೇ ಮೊದಲು. ಕೇಳಿದವರಿಗೆ ಅದರಷ್ಟು ದೊಡ್ಡ ಸುಳ್ಳು ಇನ್ನೊಂದಿಲ್ಲ ಎನಿಸುವಂತಿತ್ತು. ಅಣ್ಣನ ಭುಜ ನಗುವಿನಿಂದ ಅಲುಗಿತು. ಸರಿ, ಒದ್ದು ತೋರಿಸು ನೋಡೋಣ ಎಂದರು.

ಗುಮಾಸ್ತರು ಆಗದಿರಲಿ ಎಂದು ಬೇಡಿಕೊಂಡು, ಕಾಲನ್ನು ಆದಷ್ಟು ಮೆತ್ತಗೆ ಇಟ್ಟು ಒದ್ದರು. ಗಾಡಿ ಹಾಡಿತು.

ಇನ್ನೂ ಸ್ವಲ್ಪ ಹೊತ್ತು ಇರಣ್ಣ, ಇದು ತಣ್ಣಗಾಗಲಿ ಎಂದು ಅವರು ಅಂಗಲಾಚಿದರು. ನಲ್ಲಿಯ ಹತ್ತಿರ ಓಡಿ, ಯಾರದೋ ತಂಬಿಗೆಯಲ್ಲಿ ನೀರು ಹಿಡಿದು ತಂದು ಇಂಜಿನ್ ಮೇಲೆ ಸುರಿಯಲು ಹೋದರು. ಅಣ್ಣ ಎದ್ದು ಅವರ ಮಣಿಕಟ್ಟು ಹಿಡಿದರು. ಬಿಸಿ ಇಂಜಿನ್‌ಗೆ ತಣ್ಣೀರು ಹಾಕಿದರೆ ಬಿರುಕುಬಿಡುತ್ತದೆ ಎಂದು ಮೆಲ್ಲಗೆ ತಿಳಿಸಿ, ತಂಬಿಗೆ ಇಸಿದುಕೊಂಡು ಕೆಳಗಿಟ್ಟರು. ಸುತ್ತ ಜನ ಸೇರಿ ನೋಡುತ್ತಿದ್ದರು. ಕಂಡಕ್ಟರ್ ಸೀಟಿ ಊದಿದ.

"ನನಗೆ ಬೇಜಾರಾಗ್ಬಾರ್ದು ಅಂತ ಗಾಡಿ ಕೆಡಿಸೋಕೂ ಹೊರಟ್ಯಲ್ಲೋ," ಎಂದರು ಅಣ್ಣ. ಅವರ ಕಣ್ಣು ತುಂಬಿತ್ತು. "ಇಷ್ಟು ಪ್ರೀತಿ ಇದೆ ಅಂತ ಗೊತ್ತಾಯ್ತು, ಸಾಕು. ಇನ್ನು ಎಲ್ಲಿದ್ರೂ ನೆಮ್ಮದಿಯಾಗಿರ್ತೀನಿ. ನೀನು ಮನೆಗೆ ಹೋಗು."

ಗುಮಾಸ್ತರು ಅಣ್ಣನ ತೋಳು ಹಿಡಿದರು, ಬಸ್ಸಿನ ಮೆಟ್ಟಿಲ ತನಕ ಬಿಡಲಿಲ್ಲ. ಹತ್ತುವವರ ನೂಕುನುಗ್ಗಲಿನಲ್ಲಿ ತೋಳು ತಪ್ಪಿಹೋಯಿತು. ಅಣ್ಣ ಕಿಟಕಿಯಿಂದ ಕೈಬೀಸಿದರು. ಅವರು ಸಂತೋಷವಾಗಿದ್ದರು, ಅದನ್ನೇ ಗುಮಾಸ್ತರಿಂದ ಸಹಿಸಲಾಗಲಿಲ್ಲ.

ಬಸ್ಸು ಹೋದ ಮೇಲೂ ಅವರು ಗಾಡಿಗೆ ಒರಗಿ ಅಲ್ಲೇ ನಿಂತಿದ್ದರು. ಬಿಸಿಲು ಹೋಯಿತು, ಗಾಳಿ ಎದ್ದಿತು, ದೀಪಗಳು ಹತ್ತಿದವು. ಬೇರೆ ಬಸ್ಸುಗಳು ಬಂದು ಹೋದವು. ಕೊನೆಗೆ ಮನೆಗೆ ಹೋಗಲೇಬೇಕಲ್ಲ ಎಂದು ನೆಟ್ಟಗಾಗಿ ಕಿಕ್ಕರ್ ಒದ್ದರು. ಗಾಡಿ ಒಮ್ಮೆ ಕೆಮ್ಮಿ ಸುಮ್ಮನಾಯಿತು. ಮತ್ತೆ ಒದ್ದರು. ಚೋಕ್ ಎಳೆದು ಒದ್ದರು, ಬಿಟ್ಟು ಒದ್ದರು, ಎಡಕ್ಕೆ ಮಲಗಿಸಿ ಎತ್ತಿ ಒದ್ದರು. ಇಷ್ಟು ಚೆನ್ನಾಗಿ ಅದು ಹಿಂದೆಂದೂ ಕೆಟ್ಟು ನಿಂತಿರಲಿಲ್ಲ. ಅದನ್ನು ನೋಡಬೇಕಾಗಿದ್ದ ಒಬ್ಬನೇ ಒಬ್ಬ ಮನುಷ್ಯ ಆಗಲೇ ಎರಡು ಊರು ದಾಟಿದ್ದ. ಗುಮಾಸ್ತರು ಹ್ಯಾಂಡಲ್ ಹಿಡಿದು, ಬರಿಗಾಲಿನಲ್ಲಿ, ಅಳುತ್ತ ಗಾಡಿಯನ್ನು ಮನೆಯ ಕಡೆಗೆ ತಳ್ಳಿದರು.